ಪರದೇಶದ ಅಂಕಣದಲ್ಲಿ ದ್ರಾಜೆನ್ ಪೆಟ್ರೋವಿಚ್

ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ ಶಿಬೆನಿಕ್ ಎಂಬ ಹಳೆಯ ಊರೊಂದಿದೆ. ಇಂದು ಅದು ಕ್ರೊಯೇಷಿಯಾ ದೇಶಕ್ಕೆ ಸೇರಿದೆ. 1964ನೆಯ ಇಸವಿ ಅಕ್ಟೋಬರ್ 22ರಂದು ದ್ರಾಜೆನ್ ಪೆಟ್ರೋವಿಚ್ ಅಲ್ಲಿ ಹುಟ್ಟಿದಾಗ ಕ್ರೊಯೇಷಿಯಾ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. ಸರ್ಬಿಯಾ, ಸ್ಲೊವೇನಿಯಾ, ಬೋಸ್ನಿಯಾ ಮೊದಲಾದ ನಾಡುಗಳೊಡನೆ ಕೂಡಿಕೊಂಡು ಯುಗೋಸ್ಲಾವಿಯಾ ಎಂಬ ಒಕ್ಕೂಟದ ಒಂದು ಭಾಗವಾಗಿತ್ತು. ಆ ಒಕ್ಕೂಟದ ಹೆಸರು ಇಂದಿನ ಭೂಪಟದಲ್ಲಿಲ್ಲ. ಈ ಸಂಗತಿಯನ್ನು ವಿದ್ಯಾರ್ಥಿ ಮಿತ್ರರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ನಮ್ಮ ಕಥಾನಾಯಕನ ಎದೆಗೇ ಬಂದು ತಗಲುತ್ತದೆ.

ತಂದೆ ಯೋವಾನ್ ಪೋಲೀಸ್ ಇಲಾಖೆಯಲ್ಲಿದ್ದರು, ಸರ್ಬ್ ಮನೆತನದವರು. ತಾಯಿ ಬಿಸೆರ್ಕಾ ಗ್ರಂಥಪಾಲಕಿ. ಶಿಬೆನಿಕ್ಕಿನ ಸಮೀಪದ ಕ್ರೊಯೇಷಿಯನ್ ಮನೆಯಿಂದ ಬಂದವರು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯನಾದ ಅಲೆಕ್ಸಾಂಡರನು ಮೊದಲು ಬಾಸ್ಕೆಟ್‌ಬಾಲ್ ಆಟಕ್ಕೆ ಮನಸೋತನು. ಕಿರಿಯನು ಅಣ್ಣನ ಬೆನ್ನುಹತ್ತಿ ಅಂಕಣಕ್ಕೆ ಬಂದನು. ಬಂದವನು ಮರಳಿ ಹೋಗಲಿಲ್ಲ. ಬೆಳಗ್ಗೆ ಊರು ಏಳುವ ಮೊದಲೇ ಕ್ರೀಡಾಮಂದಿರಕ್ಕೆ ಹೋಗಿ, ಶಾಲೆಯ ಗಂಟೆ ಬಾರಿಸುವುದರೊಳಗೆ ಐದುನೂರು ಸಲ ಚೆಂಡನ್ನು ಬುಟ್ಟಿಗೆ ಎಸೆದು ಬರುತ್ತಿದ್ದನೆಂದು ಅವನನ್ನು ಬಲ್ಲವರು ಹೇಳುತ್ತಾರೆ. ಐದುನೂರು ಎಂದರೆ ಎಷ್ಟೆಂಬುದನ್ನು ತಿಳಿಯಬೇಕಾದರೆ ಒಮ್ಮೆ ಐವತ್ತು ಸಲ ಎಸೆದು ನೋಡಬೇಕು. ಅಷ್ಟರಲ್ಲಿಯೇ ಹೆಗಲು ತನ್ನ ಅಭಿಪ್ರಾಯವನ್ನು ತಿಳಿಸಿಬಿಡುತ್ತದೆ. ಮುಂಬಯಿಯ ನಮ್ಮ ಶಾಲೆಗಳಿಗೆ ಅಂಗಳವೇ ದುರ್ಲಭ. ಆದರೂ ನಾಗಪಾಡದ ಕಡೆಗೆ ಹೋಗಿಬರುವ ವಿದ್ಯಾರ್ಥಿಗಳು ಅಲ್ಲಿಯ ಹುಡುಗರು ಈ ಆಟವನ್ನು ಎಷ್ಟು ಹುರುಪಿನಿಂದ ಆಡುತ್ತಾರೆಂಬುದನ್ನು ಕಂಡಿರಬಹುದು.

ಹದಿನೈದನೆಯ ವಯಸ್ಸಿಗೇ ದ್ರಾಜೆನನು ಊರಿನ ಹಿರಿಯರ ತಂಡವಾದ ಶಿಬೆಂಕಾವನ್ನು ಸೇರಿದನು. 1983ರಲ್ಲಿ ಈ ಸಣ್ಣ ಊರಿನ ತಂಡವು ಯುಗೋಸ್ಲಾವಿಯಾದ ಲೀಗ್ ಪಂದ್ಯಾವಳಿಯ ಅಂತಿಮ ಹಂತಕ್ಕೆ ಬಂದಿತು. ಎದುರಿಗೆ ಸರಯೇವೋ ನಗರದ ಬೋಸ್ನಾ ತಂಡ. ಕಾಲ ಮುಗಿಯುತ್ತ ಬಂದಾಗ ಶಿಬೆಂಕಾ ಒಂದು ಅಂಕ ಹಿಂದೆ ಇತ್ತು. ಆಗ ದ್ರಾಜೆನನಿಗೆ ಎರಡು ಫ್ರೀ ಥ್ರೋಗಳು ದೊರೆತವು. ಹದಿನೆಂಟರ ಹುಡುಗನು ಎರಡನ್ನೂ ಬುಟ್ಟಿಯೊಳಗೆ ಹಾಕಿದನು. 83-82. ಊರಿಗೆ ಊರೇ ರಾತ್ರಿಯಿಡೀ ಕುಣಿಯಿತು. ಮರುದಿನ ಬೆಳಗಾದರೆ, ತೀರ್ಪುಗಾರರು ತಪ್ಪೆಸಗಿದರೆಂದು ಸಂಘದವರು ಆ ಗೆಲವನ್ನೇ ರದ್ದುಪಡಿಸಿದ್ದರು! ಮತ್ತೊಮ್ಮೆ ಆಡಿರೆಂದು ಹೇಳಿದರೆ ಶಿಬೆಂಕಾದವರು ಒಪ್ಪಲಿಲ್ಲ. ಪ್ರಶಸ್ತಿಯು ಬೋಸ್ನಾಕ್ಕೆ ಹೋಯಿತು. ಗೆದ್ದ ವಸ್ತುವನ್ನು ಕೈಯಿಂದ ಕಸಿದುಕೊಂಡರೆ ಹೇಗಿರುತ್ತದೆಂಬುದನ್ನು ಈ ತರುಣನು ಬಹು ಬೇಗ ತಿಳಿದನು.

ಆಮೇಲಿನ ಐದಾರು ವರ್ಷಗಳನ್ನು ಬೇಗ ದಾಟಿಬಿಡೋಣ; ಏಕೆಂದರೆ ಅವೆಲ್ಲ ಕೇವಲ ಗೆಲವಿನ ವರ್ಷಗಳು. ಒಂದು ವರ್ಷ ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡಿ, 1984ರಲ್ಲಿ ಅವನು ಜಾಗ್ರೆಬ್ ನಗರದ ಸಿಬೋನಾ ತಂಡಕ್ಕೆ ಬಂದನು. ಅಣ್ಣನೂ ಅದೇ ತಂಡದಲ್ಲಿದ್ದನು. 1985 ಮತ್ತು 1986ರಲ್ಲಿ ಸಿಬೋನಾ ಯುರೋಪಿನ ಚಾಂಪಿಯನ್ ಆಯಿತು. ಒಂದು ಲೀಗ್ ಪಂದ್ಯದಲ್ಲಿ ಅವನೊಬ್ಬನೇ 112 ಅಂಕಗಳನ್ನು ಗಳಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ಎದುರಾಳಿಗಳು ಅಂದು ಎಳೆಯ ಹುಡುಗರನ್ನು ಕಣಕ್ಕಿಳಿಸಿದ್ದರಾದ್ದರಿಂದ ಆ ಲೆಕ್ಕವನ್ನು ನಾವು ಅಷ್ಟಾಗಿ ಹೊಗಳಲೊಲ್ಲೆವು. ಹೊಗಳತಕ್ಕದ್ದು 1989ರ ಅಥೆನ್ಸಿನ ಪಂದ್ಯ. ಆ ವೇಳೆಗೆ ಅವನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೇರಿದ್ದನು. ಯುರೋಪಿಯನ್ ಕಪ್ ವಿಜೇತರ ಪಂದ್ಯಾವಳಿಯ ಅಂತಿಮದಲ್ಲಿ ಇಟಲಿಯ ಕಸೆರ್ತಾ ತಂಡದ ಮೇಲೆ 62 ಅಂಕಗಳನ್ನು ಗಳಿಸಿ, 117-113ರಿಂದ ತನ್ನ ಪಕ್ಷವನ್ನು ಗೆಲ್ಲಿಸಿದನು. ಆಗ ಅವನಿಗೆ ವಯಸ್ಸು ಇಪ್ಪತ್ತನಾಲ್ಕು. ಯುರೋಪಿನಲ್ಲಿ ಅವನಿಗೆ ಸಮನಾದ ಎಸೆತಗಾರನಿಲ್ಲವೆಂಬ ಮಾತು ಎಲ್ಲೆಲ್ಲಿಯೂ ಹಬ್ಬಿತು. ಈ ಮಾತು ಅವನಿಗೂ ಗೊತ್ತಿತ್ತು. ಬುಟ್ಟಿಗೆ ಚೆಂಡು ಬಿದ್ದೊಡನೆ ಕೈಗಳನ್ನು ಮೇಲೆತ್ತಿ ಕುಣಿಯುವುದು, ಎದುರಾಳಿಗಳನ್ನು ಕೆಣಕುವುದು ಅವನ ರೂಢಿ. ಆ ಬಿಂಕವನ್ನು ಹೊರ ಊರುಗಳ ಪ್ರೇಕ್ಷಕರು ಸಹಿಸುತ್ತಿರಲಿಲ್ಲ.

ಹೀಗೆ ಬಿಂಕವಿದ್ದ ಈ ಯುವಕನು 1989ರ ಶರತ್ಕಾಲದಲ್ಲಿ ಅಮೆರಿಕಕ್ಕೆ ಹೋದನು.

ಅಮೆರಿಕದಲ್ಲಿ ಎನ್.ಬಿ.ಎ. ಎಂಬ ಲೀಗ್ ಇದೆ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಡುವವರು ಬಹುಮಟ್ಟಿಗೆ ರೈಲ್ವೆಯಲ್ಲಿಯೋ ಸೈನ್ಯದಲ್ಲಿಯೋ ನೌಕರಿ ಹಿಡಿದು ಆಡುವವರು. ಅಲ್ಲಿಯಾದರೋ ಆಟವೇ ನೌಕರಿ, ಆಟವೇ ಸಂಬಳ. ಪ್ರಪಂಚದಲ್ಲಿ ಇದಕ್ಕಿಂತ ಕಠಿಣವಾದ ಲೀಗ್ ಇನ್ನೊಂದಿಲ್ಲ. ಒರೆಗನ್ ರಾಜ್ಯದ ಪೋರ್ಟ್‌ಲೆಂಡ್ ತಂಡದವರು 1986ರಲ್ಲಿಯೇ ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರನ್ನು ಸೇರಿಸಿಕೊಂಡಿದ್ದರು. ಎಷ್ಟನೆಯವನಾಗಿ? ಅರುವತ್ತನೆಯವನಾಗಿ. ಯುರೋಪಿನ ಮೊದಲನೆಯವನು ಅಲ್ಲಿ ಅರುವತ್ತನೆಯವನು. ಅಂದಿನವರೆಗೆ ಯುರೋಪಿನಲ್ಲಿ ಆಟ ಕಲಿತು ಬಂದವರು ಆ ಲೀಗಿನಲ್ಲಿ ನೆಲೆನಿಂತದ್ದು ತೀರ ವಿರಳ. ಅವರು ಮೈಗಳ್ಳರು, ತಿಕ್ಕಾಟಕ್ಕೆ ಹೆದರುವವರು ಎಂದು ಅಮೆರಿಕದ ಅನೇಕರ ಎಣಿಕೆಯಾಗಿತ್ತು. ಮೇಲಾಗಿ, ಎನ್.ಬಿ.ಎ. ಸೇರಿದವನು ತನ್ನ ದೇಶದ ಪರವಾಗಿ ಆಡುವಂತಿರಲಿಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಸಂಘವು ಆ ಕಟ್ಟನ್ನು ಸಡಿಲಿಸಿತು. ಅದೇ ವರ್ಷ ಪೂರ್ವ ಯುರೋಪಿನ ಐವರು ಒಟ್ಟಿಗೆ ಅಮೆರಿಕದ ಬಾಗಿಲನ್ನು ತಟ್ಟಿದರು. ದ್ರಾಜೆನನು ಅವರಲ್ಲಿ ಒಬ್ಬನು. ಲಾಸ್ ಏಂಜಲ್ಸಿನ ತಂಡಕ್ಕೆ ಹೋದ ವ್ಲಾದೆ ದಿವಾತ್ಸ್ ಮತ್ತೊಬ್ಬನು. ಈತನು ಸರ್ಬಿಯಾದವನು, ದ್ರಾಜೆನನ ಜೀವದ ಗೆಳೆಯನು. ರಾಷ್ಟ್ರತಂಡದ ಶಿಬಿರಗಳಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು.

ಹೆಸರು ಒಂದೇ ಆದರೂ ಅಲ್ಲಿಯ ಆಟ ಬೇರೆ. ಯುರೋಪಿನಲ್ಲಿ ಆಗ ಪಂದ್ಯಕ್ಕೆ 40 ನಿಮಿಷ, ಅಮೆರಿಕದಲ್ಲಿ 48. ಮೂರು ಅಂಕದ ಗೆರೆಯು ಯುರೋಪಿನಲ್ಲಿ ಬುಟ್ಟಿಯಿಂದ 6.25 ಮೀಟರ್ ದೂರ. ಅಮೆರಿಕದಲ್ಲಿ ಅದಕ್ಕಿಂತ ಸುಮಾರು ಒಂದು ಮೀಟರ್ ಹೆಚ್ಚು. ಒಂದು ಋತುವಿನಲ್ಲಿ 82 ಪಂದ್ಯಗಳು; ಇಂದು ಒಂದು ಊರು, ನಾಳೆ ಸಾವಿರ ಮೈಲು ದೂರದ ಇನ್ನೊಂದು ಊರು. ಎಲ್ಲಕ್ಕಿಂತ ದೊಡ್ಡ ತೊಡಕು ರಕ್ಷಣೆಯದು. ಯುರೋಪಿನಲ್ಲಿ ತಂಡವು ತನ್ನ ಬುಟ್ಟಿಯ ಸುತ್ತಲಿನ ಜಾಗವನ್ನು ಹಂಚಿಕೊಂಡು ಕಾಯಬಹುದಾಗಿತ್ತು. ಒಬ್ಬನ ಕಾಲು ನಿಧಾನವಾದರೆ ಮತ್ತೊಬ್ಬನು ಮರೆಮಾಚುತ್ತಿದ್ದನು. ಎನ್.ಬಿ.ಎ.ಯಲ್ಲಿ ಅಂದು ಈ ಪದ್ಧತಿಗೆ ನಿಷೇಧವಿತ್ತು. ಒಬ್ಬನಿಗೆ ಒಬ್ಬನೇ ಕಾವಲು. ಚಿರತೆಯಂತೆ ನುಗ್ಗುವ ಅಮೆರಿಕದ ಆಟಗಾರರನ್ನು ಒಬ್ಬನೇ ತಡೆಯುವಷ್ಟು ವೇಗವು ದ್ರಾಜೆನನ ಕಾಲುಗಳಿಗಿರಲಿಲ್ಲ.

ಅಂಕಣದಲ್ಲಿ ಒಂದು ಪಕ್ಷಕ್ಕೆ ಐವರೇ. ಉಳಿದವರು ಬದಿಯ ಬೆಂಚಿನ ಮೇಲೆ. ದ್ರಾಜೆನನ ಸ್ಥಾನದಲ್ಲಿ ಪೋರ್ಟ್‌ಲೆಂಡಿಗೆ ಆಡುತ್ತಿದ್ದವರು ಕ್ಲೈಡ್ ಡ್ರೆಕ್ಸ್ಲರ್ ಮತ್ತು ಟೆರಿ ಪೋರ್ಟರ್ ಎಂಬ ಘನ ಆಟಗಾರರು. ಮೊದಲ ಋತುವಿನಲ್ಲಿ ದ್ರಾಜೆನನಿಗೆ ಪಂದ್ಯಕ್ಕೆ ಸರಾಸರಿ 12.6 ನಿಮಿಷ ದೊರೆಯಿತು, ಗಳಿಸಿದ್ದು ಸರಾಸರಿ 7.6 ಅಂಕ. ಅಥೆನ್ಸಿನಲ್ಲಿ ಒಂದೇ ದಿನ ಗಳಿಸಿದ 62 ಅಂಕಗಳನ್ನು ಇಲ್ಲಿ ಕೂಡಿಸಲು ಎಂಟು ಪಂದ್ಯಗಳು ಬೇಕಾಗುತ್ತಿದ್ದವು! ಕೋಚ್ ರಿಕ್ ಏಡಲ್‌ಮನ್ನನನ್ನು ದೂರುವುದು ಸುಲಭ. ಆದರೆ ಆ ವರ್ಷ ಪೋರ್ಟ್‌ಲೆಂಡ್ 59 ಪಂದ್ಯಗಳನ್ನು ಗೆದ್ದು ಲೀಗಿನ ಅಂತಿಮ ಹಂತವನ್ನು ಮುಟ್ಟಿತೆಂಬುದನ್ನು ಮರೆಯಬಾರದು. ಗೆಲ್ಲುತ್ತಿರುವ ತಂಡವನ್ನು ಯಾವ ಕೋಚ್ ತಾನೆ ಕದಲಿಸಿಯಾನು? ಎರಡನೆಯ ಋತುವಿನಲ್ಲಿ ಡ್ಯಾನಿ ಏಂಜ್ ಎಂಬ ಅನುಭವಿಯೂ ಬಂದು ಸೇರಿದನು. ಆಗ ಇವನ ಪಾಲು ಏಳು ನಿಮಿಷಕ್ಕಿಳಿಯಿತು. ಮೊದಲ 38 ಪಂದ್ಯಗಳಲ್ಲಿ 20 ಪಂದ್ಯಗಳಿಗೆ ಅವನು ಅಂಕಣದೊಳಕ್ಕೆ ಕಾಲಿಡಲೇ ಇಲ್ಲ.

ಕೆಲಸ ಹೆಚ್ಚಾಗಿ ದಣಿಯುವುದು ಒಂದು ಬಗೆ. ಕೆಲಸವನ್ನು ಬಲ್ಲವನು ಕೈಕಟ್ಟಿ ಕುಳಿತು ದಣಿಯುವುದು ಇನ್ನೊಂದು ಬಗೆ. ಎರಡನೆಯದೇ ಕಠಿಣವೆಂದು ನಮಗೆ ತೋರುತ್ತದೆ. ಊರಿನಲ್ಲಿ ಕನ್ನಡದಲ್ಲಿ ಮೆಟ್ರಿಕ್ ಮುಗಿಸಿ, ಹತ್ತು ಜನರ ಮುಂದೆ ನಿಂತು ನಿರರ್ಗಳವಾಗಿ ಭಾಷಣ ಮಾಡುತ್ತಿದ್ದ ನಮ್ಮಂಥವರು ಈ ಮಹಾನಗರಕ್ಕೆ ಬಂದ ಹೊಸತರಲ್ಲಿ, ಮರಾಠಿ ಹಿಂದಿ ಇಂಗ್ಲಿಷುಗಳ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತದ್ದುಂಟು. ವಿಷಯ ತಿಳಿಯದೆಯಲ್ಲ, ತಿಳಿದದ್ದನ್ನು ತೋರಿಸಲು ಎಡೆ ದೊರೆಯದೆ. ವಿದ್ಯಾರ್ಥಿಗಳಲ್ಲಿ ಅನೇಕರ ತಂದೆತಾಯಿಗಳು ಇಂಥ ದಿನಗಳನ್ನು ಕಂಡವರೇ. ಮನೆಯಲ್ಲಿ ಕೇಳಿದರೆ ಹೇಳಿಯಾರು.

ದ್ರಾಜೆನನು ಆ ದಿನಗಳನ್ನು ಹೇಗೆ ಕಳೆದನು? ಎರಡು ರೀತಿಯಲ್ಲಿ. ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಹೋಗುತ್ತಿದ್ದನು. ಪಂದ್ಯದಲ್ಲಿ ಮೈ ಬೆವರದಿದ್ದರೆ ಪಂದ್ಯ ಮುಗಿದ ನಂತರ ವ್ಯಾಯಾಮ ಮಾಡಿ ಬೆವರಿಸುತ್ತಿದ್ದನು. ಶಿಬೆನಿಕ್ಕಿನ ಐದುನೂರು ಎಸೆತಗಳ ಹುಡುಗನು ಬೇರೆ ಉಪಾಯವನ್ನು ಕಲಿತಿರಲಿಲ್ಲ. ಮತ್ತೊಂದು, ಟೆಲಿಫೋನ್. ಲಾಸ್ ಏಂಜಲ್ಸಿನಲ್ಲಿದ್ದ ದಿವಾತ್ಸನೊಡನೆ ಮೊದಲ ವರ್ಷದಲ್ಲಿ ಹೆಚ್ಚುಕಡಿಮೆ ದಿನಾಲೂ ಮಾತು. ಒಬ್ಬನಿಗೆ ಆಟ ದೊರೆಯುತ್ತಿತ್ತು, ಇನ್ನೊಬ್ಬನಿಗೆ ಇಲ್ಲ. ಆದರೂ ಆ ದೂರದ ದೇಶದಲ್ಲಿ ತಾಯಿನುಡಿಯಲ್ಲಿ ಅಳಲನ್ನು ತೋಡಿಕೊಳ್ಳಲು ಒಂದು ಕಿವಿಯಿತ್ತು.

ಆ ಕಿವಿಯೂ ಮುಚ್ಚಿಹೋಯಿತು. 1990ರ ಆಗಸ್ಟಿನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಯುಗೋಸ್ಲಾವಿಯಾ ತಂಡವು ಸೋವಿಯತ್ ತಂಡವನ್ನು ಸೋಲಿಸಿ ವಿಶ್ವವಿಜೇತವಾಯಿತು. ಹರ್ಷದ ಗದ್ದಲದಲ್ಲಿ ಪ್ರೇಕ್ಷಕನೊಬ್ಬನು ಕ್ರೊಯೇಷಿಯಾದ ಧ್ವಜವನ್ನು ಹಿಡಿದು ಅಂಕಣಕ್ಕೆ ನುಗ್ಗಿದನು. ದಿವಾತ್ಸನು ಅದನ್ನು ಅವನ ಕೈಯಿಂದ ಕಿತ್ತು ಎಸೆದನು. ಈ ಗೆಲವು ಇಡೀ ಯುಗೋಸ್ಲಾವಿಯಾದ್ದು, ಒಂದು ಭಾಗದ್ದಲ್ಲ ಎಂಬುದು ಅವನ ಭಾವನೆ. ಕ್ರೊಯೇಷಿಯನ್ನರ ಕಣ್ಣಿಗೆ ಅದು ತಮ್ಮ ನಾಡಿಗಾದ ಅಪಮಾನ. ದ್ರಾಜೆನನು ಜಗಳವಾಡಲಿಲ್ಲ; ಮಾತನ್ನು ನಿಲ್ಲಿಸಿದನು. ಜಗಳವಾಡಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ! ಅಮೆರಿಕಕ್ಕೆ ಮರಳಿದ ಮೇಲೆ ಟೆಲಿಫೋನ್ ಕರೆಗಳು ನಿಂತುಹೋದವು. ಬೆಂಚಿನ ಮೇಲಿನ ಆ ಎರಡನೆಯ ಚಳಿಗಾಲವನ್ನು ಅವನು ಗೆಳೆಯನಿಲ್ಲದೆ ಕಳೆಯಬೇಕಾಯಿತು.

ತನ್ನನ್ನು ಬೇರೆ ತಂಡಕ್ಕೆ ಕಳುಹಿಸಿರೆಂದು ಅವನು ಬಿಡದೆ ಕೇಳಿದನು. ಯುರೋಪಿಗೆ ಮರಳಿದ್ದರೆ ರಾಜಮರ್ಯಾದೆ ಕಾದಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವನು ಮರಳಲಿಲ್ಲ. 1991ರ ಜನವರಿ 23ರಂದು ಅವನನ್ನು ದೇಶದ ಮತ್ತೊಂದು ಕೊನೆಗೆ, ನ್ಯೂಜೆರ್ಸಿಯ ನೆಟ್ಸ್ ತಂಡಕ್ಕೆ ಕೊಟ್ಟರು. ಅದು ಸೋಲುವುದರಲ್ಲಿಯೇ ಹೆಸರಾದ ತಂಡ. ಸೋಲುವ ತಂಡದಲ್ಲಿ ಒಂದು ಅನುಕೂಲವುಂಟು: ಅಲ್ಲಿ ಹೊಸಬನಿಗೆ ಜಾಗವಿರುತ್ತದೆ. ಕೋಚ್ ಬಿಲ್ ಫಿಚ್ ಅವನಿಗೆ ಪಂದ್ಯಕ್ಕೆ ಇಪ್ಪತ್ತು ನಿಮಿಷಗಳನ್ನು ಕೊಟ್ಟನು. ಅಂಕಗಳ ಸರಾಸರಿ ಕೂಡಲೇ 12.6ಕ್ಕೆ ಏರಿತು.

ಆ ವರ್ಷದ ಬೇಸಿಗೆಯಲ್ಲಿ ಅವನು ಮಾಡಿದ ಕೆಲಸವೇ ಅವನ ಬಾಳಿನ ದೊಡ್ಡ ಕೆಲಸವೆಂದು ನಾವು ಎಣಿಸುತ್ತೇವೆ. ರಾಷ್ಟ್ರತಂಡದ ಪಂದ್ಯಗಳನ್ನು ಬಿಟ್ಟು, ಭಾರ ಎತ್ತಿ ಎದೆ ತೋಳುಗಳನ್ನು ಬಲಪಡಿಸಿಕೊಂಡನು. ತಳ್ಳಿದರೆ ಸರಿಯುತ್ತಿದ್ದ ತೆಳ್ಳನೆಯ ದೇಹವು ತಳ್ಳಿದವರಿಗೇ ಎದುರು ನಿಲ್ಲುವಂತಾಯಿತು. ಕಾಲಿನ ವೇಗವನ್ನು ಅಷ್ಟಾಗಿ ಹೆಚ್ಚಿಸಲಾಗದು. ಆದರೆ ಎದುರಾಳಿಯ ಮುಂದಿನ ಹೆಜ್ಜೆಯನ್ನು ಊಹಿಸುವುದನ್ನು ಕಲಿಯಬಹುದು. ಅದನ್ನು ಕಲಿತನು. ಎಸೆಯುವ ಕಲೆ ಅವನಿಗೆ ಎಂದೋ ಸಿದ್ಧಿಸಿತ್ತು. ಆ ಕಲೆಗೆ ಪರದೇಶದಲ್ಲಿ ಬೇಕಾದ ಮೈಯನ್ನು ಈಗ ಕಟ್ಟಿಕೊಂಡನು. 1991-92ರ ಋತುವಿನಲ್ಲಿ 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಸರಾಸರಿ 20.6 ಅಂಕ. ದೂರದ ಗೆರೆಯಾಚೆಯಿಂದ ಎಸೆದ ಚೆಂಡುಗಳಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಬುಟ್ಟಿ ಸೇರಿದವು. ಹಿಂದಿನ ಋತುವಿನಲ್ಲಿ 26 ಪಂದ್ಯಗಳನ್ನು ಗೆದ್ದಿದ್ದ ನೆಟ್ಸ್ 40ನ್ನು ಗೆದ್ದಿತು. ನೆಲ ಬೇರೆಯಾದರೂ ಆ ಬಿಂಕವು ಮರಳಿ ಬಂದಿತು; ಗೆದ್ದಾಗ ಮುಷ್ಟಿಯನ್ನು ಆಡಿಸುವುದನ್ನು ನ್ಯೂಜೆರ್ಸಿಯ ಜನರು ಮೆಚ್ಚಿದರು.

ಇತ್ತ ಊರಿನಲ್ಲಿ ಬೆಂಕಿ ಬಿದ್ದಿತ್ತು. 1991ರಲ್ಲಿ ಕ್ರೊಯೇಷಿಯಾ ಸ್ವಾತಂತ್ರ್ಯವನ್ನು ಸಾರಿತು; ಯುದ್ಧ ತೊಡಗಿತು. ಸೆಪ್ಟೆಂಬರಿನಲ್ಲಿ ಶಿಬೆನಿಕ್ಕಿನ ಮೇಲೆ ಗುಂಡುಗಳು ಸುರಿದು, ಶತಮಾನಗಳಿಂದ ನಿಂತಿದ್ದ ಸಂತ ಯಾಕೋಬನ ಇಗರ್ಜಿಯ ಗುಮ್ಮಟಕ್ಕೂ ಪೆಟ್ಟಾಯಿತು. ತಂದೆ ಸರ್ಬ್ ಮನೆತನದವರು, ತಾಯಿ ಕ್ರೊಯೇಷಿಯನ್; ಮಗನು ಕ್ರೊಯೇಷಿಯಾದ ಪಕ್ಷವನ್ನು ಹಿಡಿದನು. ಆ ಯುದ್ಧದ ಸರಿತಪ್ಪುಗಳನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಪಂದ್ಯವಾಡುವವನ ಮನಸ್ಸು ಸಾವಿರಾರು ಮೈಲು ದೂರದಲ್ಲಿದ್ದಾಗಲೂ ಅವನ ಕೈ ನಡುಗಲಿಲ್ಲವೆಂಬುದಷ್ಟನ್ನೇ ಹೇಳುತ್ತೇವೆ. 1992ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡೆಗಳಲ್ಲಿ ಹೊಸ ರಾಷ್ಟ್ರದ ತಂಡಕ್ಕೆ ಅವನೇ ಮುಂದಾಳು. ಸೆಮಿಫೈನಲ್ ಪಂದ್ಯವನ್ನು ಒಂದೇ ಅಂಕದಿಂದ, 75-74ರಿಂದ ಗೆದ್ದು, ಕ್ರೊಯೇಷಿಯಾ ಅಮೆರಿಕವನ್ನು ಎದುರಿಸಿತು. ಅಮೆರಿಕದ ಪರವಾಗಿ ಎನ್.ಬಿ.ಎ.ಯ ಮಹಾರಥಿಗಳು, ಮೈಕೇಲ್ ಜೋರ್ಡನ್ ಮೊದಲುಗೊಂಡು, ಕೂಡಿ ಬಂದಿದ್ದರು. ಪೋರ್ಟ್‌ಲೆಂಡಿನಲ್ಲಿ ಯಾರಿಗಾಗಿ ದ್ರಾಜೆನನು ಬೆಂಚಿನ ಮೇಲೆ ಕುಳಿತಿದ್ದನೋ ಆ ಡ್ರೆಕ್ಸ್ಲರನೂ ಅವರಲ್ಲಿದ್ದನು. 117-85ರಿಂದ ಕ್ರೊಯೇಷಿಯಾ ಸೋತಿತು. ಅದರ 85ರಲ್ಲಿ 24 ಅಂಕಗಳು ದ್ರಾಜೆನನವು. ಆ ಅಮೆರಿಕನ್ ತಂಡದ ಕೋಚ್ ಚಕ್ ಡೇಲಿ ಅದೇ ವರ್ಷ ನೆಟ್ಸ್ ತಂಡಕ್ಕೆ ಕೋಚ್ ಆಗಿ ಬಂದನು.

1992-93ರಲ್ಲಿ ಸರಾಸರಿ 22.3ಕ್ಕೇರಿತು. ಜನವರಿಯಲ್ಲಿ ಹ್ಯೂಸ್ಟನ್ನಿನ ಮೇಲೆ ಒಂದೇ ಪಂದ್ಯದಲ್ಲಿ 44 ಅಂಕಗಳನ್ನು ಗಳಿಸಿದನು. ಆದರೂ ಅದೇ ಋತುವಿನ ಆಲ್ ಸ್ಟಾರ್ ಪಂದ್ಯಕ್ಕೆ ಶ್ರೇಷ್ಠರನ್ನು ಆರಿಸುವಾಗ ಅವನನ್ನು ಬಿಟ್ಟರು. ಇದು ಅವನನ್ನು ಬಹಳವಾಗಿ ನೋಯಿಸಿತು, ನೋಯಿಸಿದ್ದು ಸಹಜ. ಋತು ಮುಗಿದಾಗ ಲೀಗಿನ ಅತ್ಯುತ್ತಮ ಹದಿನೈದು ಮಂದಿಯ ಪಟ್ಟಿಯಲ್ಲಿ ಅವನ ಹೆಸರು ಬಂದಿತು. ನೆಟ್ಸ್ ತಂಡದೊಡನೆ ಅವನ ಕರಾರು ಅದೇ ಬೇಸಿಗೆಗೆ ತೀರಿತ್ತು. ಅಮೆರಿಕದಲ್ಲಿಯೇ ಉಳಿಯುವುದೋ ಗ್ರೀಸಿನ ತಂಡವೊಂದಕ್ಕೆ ಹೋಗುವುದೋ ಎಂಬ ವಿಚಾರದಲ್ಲಿರುವಾಗಲೇ ಪೋಲೆಂಡಿನಲ್ಲಿ ನಡೆದ ಅರ್ಹತಾ ಪಂದ್ಯಗಳಲ್ಲಿ ಕ್ರೊಯೇಷಿಯಾದ ಪರವಾಗಿ ಆಡಲು ಹೋದನು.

ಪಂದ್ಯಗಳನ್ನು ಮುಗಿಸಿ ತಂಡವು ವಿಮಾನದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿಗೆ ಬಂದಿತು. ಜೊತೆಗಾರರು ಅಲ್ಲಿಂದ ಇನ್ನೊಂದು ವಿಮಾನವನ್ನೇರಿ ಜಾಗ್ರೆಬ್ಬಿಗೆ ಹೋದರು. ದ್ರಾಜೆನನು ಪರಿಚಿತರ ಕಾರಿನಲ್ಲಿ ಹೊರಟನು. 1993ರ ಜೂನ್ 7, ಮಳೆಯ ಸಂಜೆ. ಡೆಂಕೆನ್‌ಡಾರ್ಫ್ ಎಂಬ ಊರಿನ ಬಳಿ ಹೆದ್ದಾರಿಯಲ್ಲಿ ಎದುರು ದಿಕ್ಕಿನ ಲಾರಿಯೊಂದು ನಡುವಿನ ಕಟ್ಟೆಯನ್ನು ಮುರಿದುಕೊಂಡು ಬಂದು ದಾರಿಗಡ್ಡವಾಗಿ ನಿಂತಿತು. ಕಾರು ಅದಕ್ಕೆ ಅಪ್ಪಳಿಸಿತು. ದ್ರಾಜೆನನು ಮುಂದಿನ ಆಸನದಲ್ಲಿ ನಿದ್ದೆಹೋಗಿದ್ದನು, ಏಳಲಿಲ್ಲ. ಇಪ್ಪತ್ತೊಂಬತ್ತು ತುಂಬಲು ಇನ್ನೂ ನಾಲ್ಕು ತಿಂಗಳಿದ್ದವು.

ಯುದ್ಧದಲ್ಲಿ ನೊಂದಿದ್ದ ಜಾಗ್ರೆಬ್ ನಗರವು ಅವನನ್ನು ಮಿರೊಗೋಯ್ ಸ್ಮಶಾನಕ್ಕೆ ಕಳುಹಿಸಲು ಬೀದಿಗಿಳಿಯಿತು. ನೆಟ್ಸ್ ತಂಡದವರು ಅದೇ ನವೆಂಬರಿನಲ್ಲಿ ಅವನ 3ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರೂ ತೊಡಬಾರದೆಂದು ಎತ್ತಿಟ್ಟರು. ಆ ತಂಡವು 2012ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಹೋದ ಮೇಲೂ ಆ ಸಂಖ್ಯೆಯನ್ನು ಯಾರಿಗೂ ಕೊಟ್ಟಿಲ್ಲ. 2002ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಅವನ ಹೆಸರನ್ನು ಬರೆದರು. ಜಾಗ್ರೆಬ್ಬಿನ ಸಿಬೋನಾ ಕ್ರೀಡಾಮಂದಿರಕ್ಕೆ ಅವನದೇ ಹೆಸರು. ಪಕ್ಕದಲ್ಲಿ ಅವನ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಸರ್ಬಿಯಾದ ನಿಕೋಲಾ ಯೋಕಿಚ್, ಸ್ಲೊವೇನಿಯಾದ ಲೂಕಾ ದೊಂಚಿಚ್ ಮೊದಲಾದವರು ಎನ್.ಬಿ.ಎ.ಯ ಅಗ್ರಗಣ್ಯರಾಗಿ ಮೆರೆದಾಗ ಅವರನ್ನು ಬೆಂಚಿನ ಮೇಲೆ ಕೂರಿಸುವ ಯೋಚನೆ ಯಾವ ಕೋಚನಿಗೂ ಬರಲಿಲ್ಲ.

ದಿವಾತ್ಸನ ಮಾತೊಂದು ಉಳಿಯಿತು. ಇಬ್ಬರೂ ಅಮೆರಿಕದಲ್ಲಿ ಎದುರಾಳಿಗಳಾಗಿ ಸಂಧಿಸಿದಾಗಲೂ ಹಳೆಯ ಸಲಿಗೆ ಮರಳಿರಲಿಲ್ಲ. ಮುಂದೆಂದಾದರೂ ಕುಳಿತು ಮಾತನಾಡಿದರಾಯಿತೆಂದು ದಿವಾತ್ಸನು ತಿಳಿದಿದ್ದನು. ಆ ಮುಂದಣ ದಿನವನ್ನು ಡೆಂಕೆನ್‌ಡಾರ್ಫಿನ ಹೆದ್ದಾರಿಯು ನುಂಗಿತು. 2010ರಲ್ಲಿ ಈ ಗೆಳೆತನವನ್ನು ಕುರಿತು ಒಂದು ಸಾಕ್ಷ್ಯಚಿತ್ರ ಬಂದಿತು. ಅದಕ್ಕಾಗಿ ದಿವಾತ್ಸನು ಎಷ್ಟೋ ವರ್ಷಗಳ ಮೇಲೆ ಜಾಗ್ರೆಬ್ ನಗರಕ್ಕೆ ಹೋದನು. ಬೀದಿಯಲ್ಲಿ ಅವನನ್ನು ಗುರುತಿಸಿದ ಕೆಲವರ ನೋಟ ಇನ್ನೂ ಬಿರುಸಾಗಿಯೇ ಇತ್ತು. ಬಿಸೆರ್ಕಾ ತಾಯಿಯವರೂ ಅಣ್ಣ ಅಲೆಕ್ಸಾಂಡರನೂ ಅವನನ್ನು ಬರಮಾಡಿಕೊಂಡು ಮಾತನಾಡಿಸಿದರು. ಅನಂತರ ಅವನು ಮಿರೊಗೋಯ್‌ಗೆ ಹೋಗಿ, ತಾವಿಬ್ಬರೂ ಜೊತೆಗಿದ್ದ ಒಂದು ಹಳೆಯ ಭಾವಚಿತ್ರವನ್ನು ಗೆಳೆಯನ ಸಮಾಧಿಯ ಬಳಿಯಿರಿಸಿ ಬಂದನು.